ಅವ್ವ ಹುಡುಕಿದ ಹೆಸರು

ಶಾಲೆಗೆ ಸೇರುವ ವಯಸ್ಸು ಬರುವವರೆಗೆ ನನಗೆ ಹೆಸರಿರಲಿಲ್ಲ. ಮನೆಯಲ್ಲಿ ಕೂಸು, ಓಣಿಯಲ್ಲಿ ದಾಕ್ಷಾಯಣಮ್ಮನ ಮಗಳು, ಸಿಟ್ಟು ಬಂದಾಗ ಅಜ್ಜಿಯ ಬಾಯಲ್ಲಿ ಬರೀ 'ಏ ಇದು'. ಇಷ್ಟಕ್ಕೂ ಕಾರಣ ನನ್ನ ಅವ್ವ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹೆಂಗಸು. ಮಲ್ಲಿಗೆ ಕಟ್ಟುವಾಗಲೂ ಅವಳ ಒಂದು ಕಣ್ಣು ಬೀದಿಯ ಮೇಲೆಯೇ ಇರುತ್ತಿತ್ತು. ಹಡಗಲಿಯಲ್ಲಿ ಹೂವಿನವರಿಗೇನು ಕಡಿಮೆ? ಆದರೆ ಹೂವಿನ ಪುಟ್ಟಿಯನ್ನು ಕಂಡಕ್ಟರನ ಕೈಗೆ ಒಪ್ಪಿಸಿ ಮನೆಗೆ ಬರುವುದನ್ನು ಬಿಟ್ಟು ತಾನೇ ಬಸ್ಸು ಹತ್ತಿ ಹೋಗುತ್ತಿದ್ದವಳು ಇವಳೊಬ್ಬಳೇ.

ನಾನು ಹುಟ್ಟಿದ್ದು ಎಪ್ಪತ್ಮೂರರ ಶ್ರಾವಣದಲ್ಲಿ, ರಸ್ತೆಯ ಬದಿಯಲ್ಲಿ. ಮೊದಲ ಹೆರಿಗೆಗೆಂದು ಅವ್ವ ತವರೂರು ಕೊಟ್ಟೂರಿಗೆ ಹೊರಟಿದ್ದಳು, ಜೊತೆಗೆ ಅಪ್ಪ ಮಂಜಣ್ಣ. ಬೆಳಗಿನಿಂದಲೇ ಬೇನೆ ಕಾಣಿಸಿಕೊಂಡಿದ್ದರೂ, ಹೇಳಿದರೆ ಅತ್ತೆ ಕಳಿಸುವುದಿಲ್ಲವೆಂದು ಬಾಯಿ ಬಿಟ್ಟಿರಲಿಲ್ಲ. ತಂಬ್ರಹಳ್ಳಿ ಇನ್ನೂ ಮುಂದಿದೆ ಎನ್ನುವಾಗ ಬಸ್ಸು ಕೆಟ್ಟು ನಿಂತಿತು. ಅಪ್ಪ ಎತ್ತಿನ ಬಂಡಿ ಹುಡುಕಲು ಓಡಿದ. ಬಸ್ಸಿನಲ್ಲಿದ್ದ ಹೆಂಗಸರೆಲ್ಲ 'ಅಯ್ಯೋ ಪಾಪ' ಎನ್ನುತ್ತಾ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರಂತೆ.

ಪಕ್ಕದ ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಎತ್ತರದ ಹೆಂಗಸೊಬ್ಬಳು ಕೆಲಸ ಬಿಟ್ಟು ಬಂದಳು. ಮೊಳಕೈಯ ಮೇಲೆ ಸುಟ್ಟ ಕಲೆ. ಅವ್ವನನ್ನು ಬೇವಿನ ಮರದ ಹಿಂದೆ ಕರೆದೊಯ್ದು, ಡ್ರೈವರನ ಕಡ್ಡಿಪೆಟ್ಟಿಗೆ ಇಸಿದುಕೊಂಡು ತನ್ನ ಕುಡುಗೋಲು ಕಾಯಿಸಿ, ನನ್ನನ್ನು ಭೂಮಿಗಿಳಿಸಿ, ಹೊಕ್ಕುಳಬಳ್ಳಿ ಕೊಯ್ದು, ಅಳುವವರೆಗೆ ಬೆನ್ನು ತಟ್ಟಿದಳು. ನಾನು ಬೇಗ ಅಳಲಿಲ್ಲವಂತೆ. ಆಮೇಲೆ ಅವ್ವ ನೀರು ಕೇಳಿದಳು. ಆ ಹೆಂಗಸು ತನ್ನ ಗಡಿಗೆ ಎತ್ತಿಕೊಂಡು ತುಸು ತಡೆದಳು.

"ನಿಮ್ಮ ಹೆಸರೇನ್ರಿ?" ಅಂದಳು ಅವ್ವ.

"ಹೆಸರು ಆಮ್ಯಾಲ. ಮೊದಲ ನೀರು ಕುಡೀರಿ."

ಗಡಿಗೆ ತಾಕದ ಹಾಗೆ ಮೇಲಿನಿಂದ ಬಾಯಿಗೆ ನೀರು ಹೊಯ್ದಳು. ಅಷ್ಟರಲ್ಲಿ ಅಪ್ಪ ಬಂಡಿ ತಂದ, ಗಡಿಬಿಡಿಯಾಯಿತು, ಆ ಹೆಂಗಸು ಹೊಲಕ್ಕಿಳಿದುಬಿಟ್ಟಳು. ಹೆಸರು ಉಳಿದೇ ಹೋಯಿತು.

ತೊಟ್ಟಿಲಿಗೆ ಹಾಕುವ ದಿನ ಅಜ್ಜಿ 'ಕೊಟ್ರಮ್ಮ' ಎಂದು ಹೆಸರು ಗೊತ್ತು ಮಾಡಿದ್ದಳು. ಸೋದರತ್ತೆ ನಾಗಕ್ಕ ಅದನ್ನು ನನ್ನ ಕಿವಿಯಲ್ಲಿ ಹೇಳಲು ಬಗ್ಗಿದಾಗ ಅವ್ವ ನನ್ನ ಕಿವಿಗೆ ಅಂಗೈ ಅಡ್ಡ ಹಿಡಿದಳು.

"ಜೀವ ಉಳಿಸಿದಾಕಿ ಹೆಸರ ಇಡಬೇಕು. ಆಕಿ ಸಿಗೂತನ ಬ್ಯಾರೆ ಹೆಸರು ಬ್ಯಾಡ."

ಬಾಣಂತಿಯ ತಲೆ ಕೆಟ್ಟಿದೆ, ತಾನಾಗಿ ಸರಿಹೋಗುತ್ತದೆ ಎಂದರು. ಎಲ್ಲಿ ಸರಿಹೋಗುವುದು! ಕುಡುಗೋಲು ಹಿಡಿದ ಹೆಂಗಸರು ಕಂಡರೆ ಸಾಕು, ಅವ್ವ ಬಸ್ಸು ನಿಲ್ಲಿಸಿ ಇಳಿಯುವಳು. ಆ ಹೊಲಕ್ಕೇ ಹೋಗಿ ವಿಚಾರಿಸಿದಳು. ಹೊಲದವರು, ಕೂಲಿಗೆ ಯಾವ ಯಾವ ಊರಿನವರೋ ಬರುತ್ತಾರೆ, ಯಾರೆಂದು ನೆನಪಿಡುವುದು ಎಂದರು. ಹಗರಿಬೊಮ್ಮನಹಳ್ಳಿಯ ಸಂತೆ, ಕೂಡ್ಲಿಗಿಯ ಬಸ್‌ಸ್ಟ್ಯಾಂಡು, ಹರಪನಹಳ್ಳಿಯ ಹೂವಿನ ಅಂಗಡಿ, ಎಲ್ಲಿ ಹೋದರೂ ಹೆಂಗಸರ ಮೊಳಕೈ ನೋಡುವುದೇ ಕೆಲಸ. "ನಿನ್ನವ್ವ ಹೂವು ಮಾರಾಕ ಹೋಗಂಗಿಲ್ಲ, ಬಳಿಗಾರನಂಗ ಕೈ ನೋಡಾಕ ಹೋಗ್ತಾಳ" ಎಂದು ಅಪ್ಪ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಬಸ್ಸಿನ ವಾಸನೆಗೇ ವಾಂತಿಯಾಗುತ್ತಿದ್ದ ನನ್ನನ್ನೂ ಅವ್ವ ಜೊತೆಗೆ ಎಳೆದೊಯ್ಯುತ್ತಿದ್ದಳು. ಉಪಕಾರ ಮಾಡಿದವಳು ಹೆಸರು ಹೇಳಿ ಹೋಗಬಾರದಿತ್ತೇ ಎಂದು ಕಾಣದ ಆ ಹೆಂಗಸಿನ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು.

ಶಾಲೆಗೆ ಸೇರಿಸಲು ಹೋದಾಗ ಹೆಡ್‌ಮಾಸ್ತರು ಪೆನ್ನು ಹಿಡಿದು ನನ್ನ ಮುಖ ನೋಡಿದರು.

"ಹೆಸರು?"

"ಹುಡುಕಾಕತ್ತೀನ್ರಿ ಸರ. ಇನ್ನೊಂದೀಟು ದಿನ ಕೊಡ್ರಿ" ಅಂದಳು ಅವ್ವ.

ಮಾಸ್ತರು ತಿಂಗಳ ಕೊನೆಯವರೆಗೆ ಬಿಟ್ಟರು. ಆಮೇಲೆ ಅಜ್ಜಿ ಹೇಳಿದ್ದನ್ನೇ ಬರೆಯುತ್ತೇನೆ, ಒಮ್ಮೆ ಬರೆದರೆ ಮುಗಿಯಿತು ಎಂದರು. ಆ ತಿಂಗಳು ಅವ್ವ ನಿದ್ದೆಗೆಟ್ಟಳು. ಕಟ್ಟಿದ ದಂಡೆಯನ್ನು ಬಿಚ್ಚಿ ಮತ್ತೆ ಕಟ್ಟುವಳು, ಒಲೆಯ ಮೇಲೆ ಎಸರಿಟ್ಟು ಬಾಗಿಲಿಗೆ ಹೋಗಿ ನಿಲ್ಲುವಳು. ಅವಳನ್ನು ನೋಡಿ ನೋಡಿ ನನ್ನ ಕಾಲೂ ನೆಲಕ್ಕೆ ನಿಲ್ಲುತ್ತಿರಲಿಲ್ಲ.

ಕೊನೆಗೊಂದು ದಿನ ಮತ್ತೆ ತಂಬ್ರಹಳ್ಳಿಯಲ್ಲಿ ಇಳಿದೆವು. ಗುಡಿಕಟ್ಟೆ, ಗೌಡರ ಮನೆ, ಪೇಟೆ ಓಣಿ, ಎಂದಿನಂತೆ ಎಲ್ಲ ಸುತ್ತಿ ಬಂದು ಬಸ್ಸಿಗೆ ಕಾಯುತ್ತಾ ಕೂತೆವು. ಚಹಾದಂಗಡಿಯ ಬೊಮ್ಮಯ್ಯ ವರ್ಷಗಳಿಂದ ನಮ್ಮನ್ನು ನೋಡಿದವನು. ಲೋಟ ತೊಳೆಯುತ್ತಲೇ ಕೇಳಿದ.

"ಅಕ್ಕಾರ, ಊರೆಲ್ಲ ಕೇಳೀರಿ. ಕೇರಿಯಾಗ ಕೇಳೀರೇನು?"

ಅವ್ವನ ಮುಖ ಸುಣ್ಣದಂತಾಯಿತು. ಇಷ್ಟು ವರ್ಷ ಇಷ್ಟು ಊರು ತಿರುಗಿದವಳು ಒಂದೇ ಒಂದು ಊರಿನಲ್ಲಿಯೂ ಊರ ಹೊರಗಿನ ಕೇರಿಗೆ ಕಾಲಿಟ್ಟಿರಲಿಲ್ಲ. ತಪ್ಪಿಸಿಕೊಂಡದ್ದಲ್ಲ. ಊರು ಎಂದರೆ ಅಷ್ಟೇ ಎಂದುಕೊಂಡಿದ್ದಳು. ನಮ್ಮಂಥವರೆಲ್ಲ ಹಾಗೆಯೇ ಬೆಳೆದವರು. ಆ ಗಡಿಗೆ ಯಾಕೆ ತಡೆಯಿತು, ನೀರು ಯಾಕೆ ಮೇಲಿನಿಂದ ಬಿತ್ತು ಎಂಬುದು ಅವಳಿಗೆ ಹೊಳೆದದ್ದು ಆ ಬೆಂಚಿನ ಮೇಲೆ. ಬಸ್ಸು ಬಂತು. ಅವ್ವ ಅದನ್ನು ಬಿಟ್ಟು, ನನ್ನ ರಟ್ಟೆ ಹಿಡಿದು ಕೇರಿಯ ಕಡೆ ದಾಪುಗಾಲು ಹಾಕಿದಳು.

ಹುಡುಕುವುದೇ ಬೇಕಾಗಲಿಲ್ಲ. ಮೊಳಕೈಯ ಸುಟ್ಟ ಕಲೆಯ ಗುರುತು ಹೇಳುತ್ತಿದ್ದಂತೆ "ಗಿಡ್ಡಮ್ಮನ ಮನಿ ಅದಾ" ಎಂದು ಯಾರೋ ತೋರಿಸಿದರು. ಹೆಸರು ಗಿಡ್ಡಮ್ಮ, ಆಳು ಮಾತ್ರ ತನ್ನ ಬಾಗಿಲಿಗಿಂತ ಎತ್ತರ. ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವಳು ಎದ್ದು ನಿಂತಳು. ಅವ್ವನನ್ನು ನೋಡಿದಳು, ನನ್ನನ್ನು ನೋಡಿದಳು.

"ಬೇವಿನ ಗಿಡದ ಕೂಸೇನ್ರಿ ಇದು? ಬದುಕಿತಾ?" ಅಂದಳು. ಕೈ ಮುಂದೆ ಬಂದು ಅರ್ಧಕ್ಕೇ ನಿಂತಿತು. "ಮುಟ್ಟಲೇನ್ರಿ?"

ಈ ಲೋಕದಲ್ಲಿ ನನ್ನನ್ನು ಎಲ್ಲರಿಗಿಂತ ಮೊದಲು ಮುಟ್ಟಿದವಳು ಕೇಳಿದ ಮಾತದು. ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಅವ್ವ ನನ್ನನ್ನು ಎತ್ತಿ ಅವಳ ಸೊಂಟದ ಮೇಲೆ ಕೂರಿಸಿಬಿಟ್ಟಳು.

ಬಂದ ಕಾರಣ ತಿಳಿದಾಗ ಗಿಡ್ಡಮ್ಮ ಒಪ್ಪಲಿಲ್ಲ.

"ಬ್ಯಾಡ್ರಿ ಅವ್ವಾರ. ನನ್ನ ಹೆಸರು ಹಿಡದು ಯಾರೂ ನೆಟ್ಟಗ ಕರ್ದಿಲ್ಲ. ಬಾರಲೇ, ದೂರ ನಿಲ್ಲಲೇ, ಬರೇ ಇದಾ. ಹಂತಾ ಹೆಸರು ಕೂಸಿಗ್ಯಾಕ?"

"ನಮ್ಮ ಮನ್ಯಾಗ ಹಂಗ ಕರ್ಯಾಂಗಿಲ್ಲ" ಅಂದಳು ಅವ್ವ.

ಮರುದಿನ ಮಾಸ್ತರು "ಇದೆಂಥ ಹೆಸರು, ನಿಮ್ಮ ಮನಿತನಕ್ಕ?" ಎನ್ನುತ್ತಲೇ ಬರೆದುಕೊಂಡರು. ಕೇರಿಯ ಹೆಸರನ್ನು ಮನೆಗೆ ತಂದಳೆಂದು ಅಜ್ಜಿ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಅಪ್ಪ ಪುಟ್ಟಿ ಎತ್ತಿಕೊಂಡು ತೋಟಕ್ಕೆ ಹೋದ. ಅವ್ವ ಒಳಗೂ ಹೊರಗೂ ಅಡ್ಡಾಡುತ್ತಿದ್ದಳು. ಬಸ್ಸು ನಿಲ್ಲುವ ಜಾಗದಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಮನೆಗೆ ಹೋಗಲು ಇಷ್ಟು ಕಾಲ ಹಿಡಿಯಿತಲ್ಲ ಎಂಬ ತಳಮಳ ಅವಳನ್ನು ಕಡೆಯವರೆಗೂ ಬಿಡಲಿಲ್ಲ.

ನಾನು ಹೊಸ್ತಿಲ ಹತ್ತಿರ ಬಳಪ, ಪಾಟಿ ಹಿಡಿದು ಕೂತಿದ್ದೆ. ಅವ್ವ ನನ್ನ ತಟ್ಟೆಗೆ ಬಡಿಸಿ, ಅಡುಗೆಮನೆಯಿಂದ ಓಣಿಗೆಲ್ಲ ಕೇಳುವಂತೆ ಕರೆದಳು.

"ಗಿಡ್ಡಮ್ಮಾರ, ಬರ್ರಿ, ಉಣ್ಣಾಕ ಕುಂದರ್ರಿ."

ಯಾರೋ ದೊಡ್ಡವರು ಬಂದಿರಬೇಕೆಂದು ನಾನು ಎದ್ದು ನಿಂತು ಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.