ರಾಣಿಯ ಪಕ್ಕದ ವಂಶವೃಕ್ಷ

ರಾಜವಂಶಗಳು ಅಳಿಯುವುದು ಯುದ್ಧಗಳಿಂದಲ್ಲ, ಅಂತಃಪುರದ ಕಲಹಗಳಿಂದ ಎಂದು ಬಲ್ಲವರು ಹೇಳುತ್ತಾರೆ. ನಮ್ಮದು ಅಳಿದದ್ದು ರಬ್ಬರಿನಿಂದ. ಗುಲಾಬಿ ಬಣ್ಣದ್ದು, ಸ್ಟ್ರಾಬೆರಿ ವಾಸನೆಯದು. ಮಗಳ ಪೆನ್ಸಿಲ್ ಡಬ್ಬಿಯಲ್ಲಿತ್ತು.

ಆಗ ನಾವು ಮಾರ್ಗನ್ ಹಿಲ್‌ನಲ್ಲಿದ್ದೆವು. ಪಾಲೋ ಆಲ್ಟೋದ ಒಂದು ಇಂಟರ್ನೆಟ್ ಕಂಪನಿಯಲ್ಲಿ ನನಗೆ ಕೆಲಸ. ಕಂಪನಿ ಏನು ಮಾರುತ್ತದೆ ಎಂದು ಯಾರಾದರೂ ಕೇಳಿದರೆ ನಾವೆಲ್ಲ ಗಂಭೀರವಾಗಿ ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದೆವು. ನನ್ನ ಹೆಂಡತಿ ನನ್ನ ಅಕ್ಕನ ಮಗಳು. ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬಿಎಸ್ಸಿ ಎರಡನೇ ವರ್ಷದಲ್ಲಿದ್ದವಳನ್ನು ಅಕ್ಕನೇ ಕಾಲೇಜು ಬಿಡಿಸಿ ನನಗೆ ಕೊಟ್ಟಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಸಾಕಿದ ತಮ್ಮ ಕೈಬಿಟ್ಟು ಹೋಗಬಾರದೆಂದು ಮಗಳನ್ನು ಗೂಟವಾಗಿ ನೆಟ್ಟಳು. ಹೆಂಡತಿ ನನ್ನನ್ನು ಚಿಕ್ಕಂದಿನಿಂದ ಕರೆದಂತೆ ಆಗಲೂ ‘ಮಾವ’ ಎಂದೇ ಕರೆಯುತ್ತಿದ್ದಳು.

ಬಿಟ್ಟ ಓದನ್ನು ಮುಗಿಸಬೇಕೆಂಬುದೊಂದೇ ಅವಳ ಆಸೆ. ಕಾಲೇಜಿನ ಅರ್ಜಿ ಅಡುಗೆಮನೆಯ ಡ್ರಾದಲ್ಲಿ ಪಿಜ್ಜಾ ಕೂಪನ್ನುಗಳ ಕೆಳಗೆ ಎರಡು ವರ್ಷದಿಂದ ಮಲಗಿತ್ತು. ಅವಳು ಕೇಳಿದಾಗಲೆಲ್ಲ ನಾನು, “ಕಂಪನಿ ಷೇರು ಮಾರ್ಕೆಟ್ಟಿಗೆ ಬರಲಿ, ಆಮೇಲೆ ನೋಡೋಣ,” ಎನ್ನುತ್ತಿದ್ದೆ. ಕಂಪನಿಗೂ ಅವಳ ಓದಿಗೂ ಏನು ನಂಟೋ ನನಗೂ ಗೊತ್ತಿರಲಿಲ್ಲ. ಆರು ತಿಂಗಳಿಗೆಂದು ಬಂದಿದ್ದ ಅಕ್ಕ ನನ್ನ ಪರವಾಗಿದ್ದಳು. “ಮಗಳು ಎದೆ ಮಟ್ಟಕ್ಕೆ ಬೆಳದವಳೆ, ಈಗೇನೇ ನಿಂಗೆ ಕಾಲೇಜು?”

ಆ ವಸಂತದಲ್ಲಿ ಆರನೇ ಕ್ಲಾಸಿನ ಮಗಳಿಗೆ ಸ್ಕೂಲಿನಲ್ಲಿ ಒಂದು ಪ್ರಾಜೆಕ್ಟು ಕೊಟ್ಟರು. ಪ್ರಾಚೀನ ಈಜಿಪ್ಟಿನ ಒಬ್ಬ ಪಟ್ಟದ ರಾಣಿಯ ಬದುಕು, ಅವಳ ವಂಶವೃಕ್ಷ. ಹೋಲಿಸಲು ಪಕ್ಕದಲ್ಲಿ ಮಕ್ಕಳ ಸ್ವಂತ ವಂಶವೃಕ್ಷ. ನಾಲ್ವರೂ ಸ್ಯಾನ್ ಹೊಸೆಯ ಮ್ಯೂಸಿಯಮ್ಮಿಗೆ ಹೋದೆವು. ಒಂದು ಕಲ್ಲಿನ ಮೂರ್ತಿಯಲ್ಲಿ ದೊರೆ ಆಳೆತ್ತರಕ್ಕಿದ್ದ, ರಾಣಿ ಅವನ ಮೊಣಕಾಲಿನ ಎತ್ತರಕ್ಕಿದ್ದಳು. ಮಗಳು ಫಲಕ ಓದಿ ಬರೆದುಕೊಂಡಳು: ದೊರೆಯ ಮಗಳು, ದೊರೆಯ ಸೋದರಿ, ದೊರೆಯ ಹೆಂಡತಿ, ದೊರೆಯ ತಾಯಿ. ಹೆತ್ತ ಮಕ್ಕಳಲ್ಲಿ ಹೆಚ್ಚಿನವು ಹಲ್ಲು ಬರುವ ಮುಂಚೆಯೇ ಸತ್ತವು. ಬದುಕಿದವನು ಸಿಂಹಾಸನ ಏರಿದ.

“ಇವಳು ಸ್ವಂತಕ್ಕೆ ಏನಾಗಿದ್ಲು ಅಂತ ಎಲ್ಲೂ ಬರ್ದಿಲ್ವಾ ಮಾವ?” ಎಂದಳು ಹೆಂಡತಿ.

“ಅಷ್ಟು ಸಾಲದಾ?” ಎಂದೆ.

ಮಗಳು ಫಲಕದ ಬೇರೊಂದು ಸಾಲಿನಲ್ಲಿ ಸಿಕ್ಕಿಬಿದ್ದಿದ್ದಳು. “ಅಪ್ಪಾ, ಶೀ ಮ್ಯಾರೀಡ್ ಹರ್ ಬ್ರದರ್? ಗ್ರೋಸ್!” ಎಂದು ಅಸಹ್ಯಪಟ್ಟಳು.

ಅಕ್ಕನಿಗೆ ಅನುವಾದಿಸಿದೆ. ಅವಳು ಸೆರಗು ಬಾಯಿಗೊತ್ತಿಕೊಂಡಳು. “ಶಿವಶಿವಾ, ಒಡಹುಟ್ಟಿದ ತಮ್ಮನ್ನೇ ಕಟ್ಕೊಂಡ್ಲಾ?”

“ಅವಳು ತಾನೇ ಕಟ್ಕೊಂಡ್ಲು ಕಣಮ್ಮ,” ಎಂದಳು ಹೆಂಡತಿ. “ಮಗಳ ಕುತ್ತಿಗೆಗೆ ಕಟ್ಲಿಲ್ಲ.”

ಅಕ್ಕ ಆಮೇಲೆ ಮಮ್ಮಿಗಳನ್ನು ನೋಡಲು ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತಳು.

ಆ ಭಾನುವಾರ ಚಾರ್ಟು ತಯಾರಾಯಿತು. ರಾಣಿಯ ಗೆರೆ ಗಂಡನ ಗೆರೆಯ ಜೊತೆ ಮೇಲೆ ಒಂದೇ ತಂದೆತಾಯಿಗೆ ಹೋಗಿ ಸೇರುವುದನ್ನು ಹೇಗೆ ಬರೆಯಬೇಕೆಂದು ಮಗಳಿಗೆ ತಿಳಿಯಲಿಲ್ಲ. ಹೆಂಡತಿ ಸ್ಕೇಲು ಹಿಡಿದು ಎರಡು ನಿಮಿಷದಲ್ಲಿ ಬರೆದುಕೊಟ್ಟಳು. ಪಕ್ಕದಲ್ಲಿ ನಮ್ಮದನ್ನೂ ಬರೆದಳು: ನನ್ನ ಅಪ್ಪ ಅಮ್ಮನಿಂದ ಅಕ್ಕ ಮತ್ತು ನಾನು, ಅಕ್ಕನಿಂದ ಅವಳು, ಅವಳಿಂದ ಓರೆಯಾಗಿ ಮತ್ತೆ ನನಗೆ. ಮಗಳು ಒಬ್ಬೊಬ್ಬರ ಪುಟ್ಟ ಫೋಟೋ ಅಂಟಿಸಿದಳು.

ನನಗೆ ದಿಗಿಲಾಯಿತು. ಅಲ್ಲಿ ಅಕ್ಕನ ಮಗಳನ್ನು ಮದುವೆಯಾಗುವುದು ಕಾನೂನಿಗೆ ವಿರುದ್ಧ. ಟೀಚರು ನೋಡುತ್ತಾರೆ, ಕೌನ್ಸೆಲರಿಗೆ ಹೇಳುತ್ತಾರೆ, ಯಾವುದೋ ಆಫೀಸಿನಿಂದ ಯಾರೋ ಫೈಲು ಹಿಡಿದು ಮನೆಗೆ ಬರುತ್ತಾರೆ. ವಂಶದ ಯಜಮಾನನಾಗಿ ನಾನು ರಬ್ಬರು ಕೈಗೆತ್ತಿಕೊಂಡೆ. ಅಪ್ಪ ಅಮ್ಮನಿಂದ ಅಕ್ಕನಿಗೆ ಇಳಿದಿದ್ದ ಗೆರೆಯನ್ನು ಅಳಿಸಿದೆ. ಈಗ ಅಕ್ಕ ಯಾರದೋ ಮಗಳು, ನನ್ನ ಅತ್ತೆ ಮಾತ್ರ.

“ಸೋ ಅಜ್ಜಿ ನಿನ್ನ ಸಿಸ್ಟರ್ ಅಲ್ವಾ?” ಎಂದಳು ಮಗಳು.

“ಸ್ಕೂಲಿನ ಮಟ್ಟಿಗೆ ಅಲ್ಲ.”

ಹೆಂಡತಿ ಓರೆ ಗೆರೆಯ ಮೇಲೆ ಬೆರಳಿಟ್ಟಳು. “ಅಳಿಸೋದೇ ಆದ್ರೆ ಇದನ್ನೂ ಅಳಿಸಬಹುದಿತ್ತಲ್ಲ ಮಾವ?”

ತಮಾಷೆಯೆಂದು ನಕ್ಕೆ. ನಕ್ಕವನು ನಾನೊಬ್ಬನೇ.

ಸ್ಕೂಲಿನಲ್ಲಿ ತಂದೆತಾಯಿಗಳು ಬಂದು ಪ್ರಾಜೆಕ್ಟುಗಳನ್ನು ನೋಡುವ ಸಂಜೆಯೊಂದಿತ್ತು. ಅಕ್ಕ ಮೈಸೂರು ಸಿಲ್ಕ್ ಉಟ್ಟು ಬಂದಳು. ಇಂಥ ಕುಟುಂಬವನ್ನು ಇವತ್ತು ಊಹಿಸಿಕೊಳ್ಳುವುದೂ ಕಷ್ಟ ಅಲ್ಲವೇ ಎಂದು ಟೀಚರು ರಾಣಿಯನ್ನು ತೋರಿಸಿ ನನ್ನನ್ನು ಕೇಳಿದರು. ನಾನು ತಕ್ಕ ಗಾಂಭೀರ್ಯದಿಂದ ತಲೆಯಾಡಿಸಿದೆ.

ಅಕ್ಕನಿಗೆ ಇಂಗ್ಲಿಷು ಬಾರದು. ಆದರೆ ಗೆರೆಗೆ ಯಾವ ಭಾಷೆ? ತನ್ನ ಫೋಟೋದ ಮೇಲೆ ಬೆರಳಿಟ್ಟು ಮೇಲಕ್ಕೆ ಎಳೆದಳು, ಅಲ್ಲೇನೂ ಇರಲಿಲ್ಲ. ನನ್ನ ಫೋಟೋದಿಂದ ಮೇಲಕ್ಕೆ ಎಳೆದಳು. ಅಪ್ಪ ಅಮ್ಮ ಸಿಕ್ಕರು.

“ಇದ್ಯಾಕ್ಲಾ, ನಂಗೆ ಅಪ್ಪ ಅವ್ವ ಇಲ್ಲ?”

“ಇಲ್ಲಿಯವರಿಗೆ ನಮ್ಮ ಸಂಬಂಧ ಅರ್ಥ ಆಗಲ್ಲ ಅಕ್ಕ. ಅದಕ್ಕೇ ಅಳಿಸ್ದೆ.”

ಅವಳು ಪಕ್ಕದ ವೃಕ್ಷ ನೋಡಿದಳು. “ಆ ರಾಣೀದು ಅರ್ಥ ಆಯ್ತದಾ?”

ಮನೆಗೆ ಬಂದ ಅಕ್ಕ ಸೀರೆಯನ್ನೂ ಬದಲಿಸದೆ ಊಟದ ಟೇಬಲ್ಲಿನ ಮುಂದೆ ಕೂತಳು. “ನೀನು ಬುಟ್ಟೋಗಬಾರದು ಅಂತ ಇವಳ ಓದು ಬುಡಿಸಿ ನಿಂಗೆ ಕೊಟ್ಟೆ ಕಣ್ಲಾ. ಚೆನ್ನಾಗಿ ಉಳಿಸ್ಕೊಂಡೆ ನನ್ನ.” ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. “ಆ ಡ್ರಾದಲ್ಲಿರೋ ನಿಮ್ಮವ್ವನ ಕಾಲೇಜು ಕಾಗದ ತಗಬಾರವ್ವ.”

ಪಿಜ್ಜಾ ಕೂಪನ್ನುಗಳ ಸಮೇತ ಅರ್ಜಿ ಬಂತು. ಹೆಂಡತಿ ನನ್ನನ್ನು ಕೇಳಿದ್ದು ಪೆನ್ನು ಮಾತ್ರ. ಕೊಟ್ಟೆ.

ಅಕ್ಕ ಉಳಿದಿದ್ದ ಎರಡು ತಿಂಗಳನ್ನು ಬಿಟ್ಟು ಮುಂದಿನ ವಾರವೇ ಊರಿಗೆ ಹೊರಟಳು. ಕಂಪನಿ ಷೇರು ಮಾರ್ಕೆಟ್ಟಿಗೆ ಬರಲಿಲ್ಲ, ಮುಚ್ಚಿತು. ಪ್ರಾಜೆಕ್ಟಿಗೆ ಎ ಬಂತು. ಹೆಂಡತಿ ಸೆಪ್ಟೆಂಬರಿನಲ್ಲಿ ಕಾಲೇಜಿಗೆ ಸೇರಿದಳು. ಓದು ಮುಗಿಸಿ ಎಮರಿವಿಲ್‌ನಲ್ಲಿ ಕೆಲಸ ಹಿಡಿದು, ನನ್ನನ್ನು ಬಿಟ್ಟು ಅಲ್ಲೇ ಅಪಾರ್ಟ್‌ಮೆಂಟು ಮಾಡಿಕೊಂಡು ಮಗಳ ಜೊತೆ ಇದ್ದಾಳೆ.