ಒಳಗೆ ಬರಲಾ ಎಂದು ಕೇಳುತ್ತಿದ್ದವಳು

ಬೀಗದ ಕೈ ವಾರ್ಡರಮ್ಮನ ಸೊಂಟದಲ್ಲಿ. ಬಾಗಿಲು ತೆಗೆಯುವವಳೂ ಅವಳೇ, ಹಾಕುವವಳೂ ಅವಳೇ. ಆದರೂ ವಿಮಲಾ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಒಳಗಿದ್ದ ನಮ್ಮನ್ನು ಕೇಳುತ್ತಿದ್ದಳು, "ಒಳಗೆ ಬರಲಾ?"

ಹೆಂಗಸರ ಜೈಲು ಅದು. ಊರಿನ ಹೆಸರು ಚೆನ್ನೈ ಅಂತ ಬದಲಾಗಿತ್ತು, ನನಗೆ ಮದರಾಸೇ. ನಾನು ಅದೇ ಊರಿನ ಗಿಂಡಿಯಲ್ಲಿ ಕಾರ್ಖಾನೆಯೊಂದರ ಗೇಟಿನ ಮುಂದೆ ಬೋಂಡಾ ಹಾಕುತ್ತಿದ್ದವಳು. ಮಗಳನ್ನು ಹೊಡೆಯುತ್ತಿದ್ದ ಅಳಿಯನ ಮೇಲೆ ಬಾಣಲೆಯ ಎಣ್ಣೆ ಸುರಿದೆ. ಸತ್ತ. ಅದಕ್ಕೆ ಒಳಗಿದ್ದೆ. ವಿಮಲಾ ಮನಸ್ಸಿನ ಡಾಕ್ಟರು, ವಾರಕ್ಕೊಮ್ಮೆ ಬರುವಳು. ಮೈಸೂರು ಕಡೆಯ ರೈಲ್ವೆಯವರ ಮಗಳು, ಪೆರಂಬೂರಿನಲ್ಲಿ ಮನೆ. ನನ್ನ ಮಗಳ ವಯಸ್ಸಿನವಳು, ಅದಕ್ಕೇ ಏಕವಚನ. ಅವಳು ಮಾತ್ರ ಕಳ್ಳಿಗೂ ಕೊಲೆ ಮಾಡಿದವಳಿಗೂ 'ನೀವು' ಅನ್ನುತ್ತಿದ್ದಳು.

ಮೊದಲ ದಿನ ಅವಳು ಹಾಗೆ ಕೇಳಿದಾಗ ಎಲ್ಲರೂ ನಕ್ಕರು. ನೋಡೋಣ ಅಂತ ನಾನು ಬೇಡ ಅಂದೆ. ಹೊರಗೇ ಕುಳಿತಳು. ಬಿಸಿಲು ನೆತ್ತಿಗೆ ಬಂದರೂ ಕದಲಲಿಲ್ಲ. ಹೋಗುವಾಗ "ಮುಂದಿನ ವಾರ ಮತ್ತೆ ಕೇಳ್ತೀನಿ, ರಂಗಮ್ಮನವರೇ" ಅಂದಳು. ತಲೆ ಕೆಟ್ಟವಳು ಅಂದುಕೊಂಡೆ. ಮುಂದಿನ ವಾರ ಬಾ ಅಂದೆ. ಕನ್ನಡ ಆಡಿ ಬಹಳ ದಿನವಾಗಿತ್ತು, ಅಷ್ಟೇ.

ಬಂದರೆ ಬಾಗಿಲಿಗೆ ಅಡ್ಡ ಕೂರುತ್ತಿರಲಿಲ್ಲ. ಯಾರ ಬೆನ್ನ ಹಿಂದೆಯೂ ಓಡಾಡುತ್ತಿರಲಿಲ್ಲ. ಏನು ತಪ್ಪು ಮಾಡಿದೆ ಅಂತ ಕೇಳುತ್ತಿರಲಿಲ್ಲ. ನಿದ್ದೆ ಬರುತ್ತಾ, ಯಾವ ಸದ್ದಿಗೆ ಎದೆ ಹೊಡೆದುಕೊಳ್ಳುತ್ತೆ ಅಂತ ಕೇಳುವಳು. ಎಣ್ಣೆ ಚುರುಗುಟ್ಟುವ ಸದ್ದಿಗೆ ಅಂದೆ. ನನ್ನನ್ನು ಅಡುಗೆಮನೆಯಿಂದ ಬಿಡಿಸಿ ಊಟ ಹಂಚುವ ಕೆಲಸ ಕೊಡಿಸಿದಳು.

ಸೆಲ್ವಿ ಅಂತ ಒಬ್ಬ ಹುಡುಗಿ ಇದ್ದಳು. ಪೊಲೀಸ್ ಠಾಣೆಯಲ್ಲಿ ಅವಳಿಗೆ ಏನಾಯಿತೋ ಅದನ್ನು ಬರೆಯುವುದಿಲ್ಲ. ಬೆನ್ನ ಹಿಂದೆ ಯಾರಿದ್ದರೂ ಅವಳಿಗೆ ಆಗುತ್ತಿರಲಿಲ್ಲ. ಸಂಜೆ ಬೀಗ ಹಾಕುವ ಮುಂಚೆ ಎಲ್ಲರನ್ನೂ ಸಾಲಾಗಿ ಕೂರಿಸಿ ಎಣಿಸುತ್ತಾರೆ. ಅವಳು ತಿರುತಿರುಗಿ ನೋಡುವಳು, ಎಣಿಕೆ ತಪ್ಪುವುದು, ಲಾಠಿ ಬೀಳುವುದು. ವಿಮಲಾ ಮೇಲಿನವರ ಹತ್ತಿರ ಜಗಳವಾಡಿ ಅವಳಿಗೆ ಸಾಲಿನ ಕೊನೆಯ ಜಾಗ ಕೊಡಿಸಿದಳು, ಬೆನ್ನು ಗೋಡೆಗೆ. ಅಷ್ಟೇ ಔಷಧ. ಸೆಲ್ವಿ ಅನ್ನ ತಿನ್ನತೊಡಗಿದಳು. ನನ್ನ ಬೊಚ್ಚುಬಾಯಿ ನೋಡಿ ನಗುವಷ್ಟು ಚೇತರಿಸಿಕೊಂಡಳು.

ಆಮೇಲೆ ಹೊಸ ಹೆಡ್ ವಾರ್ಡರ್ ಬಂದಳು. ಬಾಗಿಲಲ್ಲಿ ನಿಂತು ಕೇಳುವ ವಿಮಲಾಳನ್ನು ಕಂಡು ತಮಿಳಿನಲ್ಲಿ ಅಂದಳು, "ಯಾಕೆ ಡಾಕ್ಟ್ರೇ, ಈ ಮಹಾರಾಣೀರಿಗೆ ಕಾಲಿಂಗ್ ಬೆಲ್ ಹಾಕಿಸ್ಲಾ?" ಕೈದಿಗಳೇ ಹೆಚ್ಚು ನಕ್ಕರು. ಅವತ್ತೇ ಸಂಜೆ ಆ ಹೆಡ್ ವಾರ್ಡರ್ ಸೆಲ್ವಿಯನ್ನು ಸಾಲಿನ ನಡುವೆ ಕೂರಿಸಿ, ಹಿಂದೆ ತಾನೇ ನಿಂತಳು. ಸೆಲ್ವಿ ತಿರುಗಿ ಅವಳ ಕೈ ಕಚ್ಚಿದಳು. ಹೊಡೆದು ಒಂಟಿ ಕೋಣೆಗೆ ಹಾಕಿದರು.

ಸುದ್ದಿ ತಿಳಿದು ವಿಮಲಾ ಮರುದಿನವೇ ಬಂದಳು. ನಾನು ಒಂಟಿ ಕೋಣೆಯ ಮುಂದೆ ಅನ್ನದ ತಟ್ಟೆ ಹಿಡಿದು ನಿಂತಿದ್ದೆ. ವಾರ್ಡರಮ್ಮ ಬಾಗಿಲು ತೆಗೆದಳು. ವಿಮಲಾ ಚಪ್ಪಲಿ ಬಿಟ್ಟು ಎಂದಿನಂತೆ ಕೇಳಿದಳು. ಮೂಲೆಯಿಂದ ಸೆಲ್ವಿ ಬೇಡ ಅಂದಳು.

"ಬ್ಯಾಡ ಅಂದ್ರೆ ಬಿಟ್ಬಿಡೋದಾ? ಒಳಕ್ ಹೋಗವ್ವ" ಅಂದೆ ನಾನು.

"ಅವರನ್ನ ಕೇಳ್ದೆ ಒಳಗೆ ಹೋದೋರೇ ಎಲ್ಲಾ, ರಂಗಮ್ಮನವರೇ. ನಾನೂ ಹಾಗೇ ಹೋಗ್ಲಾ?"

ಹೊರಗೆ ಕುಳಿತಳು. ಹೊತ್ತು ಮುಗಿಯಿತು ಅಂತ ಎಬ್ಬಿಸಿದರು. ನಾಳೆ ಮತ್ತೆ ಕೇಳುತ್ತೇನೆ ಅಂತ ಸೆಲ್ವಿಗೆ ಹೇಳಿ ಹೋದಳು. ಬೆಳಿಗ್ಗೆ ಬಾಗಿಲು ತೆಗೆದಾಗ ಸೆಲ್ವಿ ಇರಲಿಲ್ಲ, ಹೆಣ ಇತ್ತು. ತಾನೇ ಜೀವ ಕಳೆದುಕೊಂಡಿದ್ದಳು.

ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನು ಕರೆಸಿದ. ಬಾಗಿಲು ತೆಗೆದಿತ್ತಾ? ಹೌದು. ಡಾಕ್ಟರು ಒಳಗೆ ಹೋದರಾ? ಇಲ್ಲ. ಸಾಲಿನ ನಡುವೆ ಕೂರಿಸಿದ್ದು ಯಾರು ಅಂತ ಕೇಳಲಿಲ್ಲ. ನಾನೇ ಹೇಳಿದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಅಂದ. ವಿಮಲಾಳನ್ನು ಮತ್ತೆ ಜೈಲಿನ ಗೇಟು ದಾಟಲು ಬಿಡಲಿಲ್ಲ. ಹೆಡ್ ವಾರ್ಡರಮ್ಮನ ಕೈ ವಾಸಿಯಾಯಿತು.

ಬಿಡುಗಡೆಯಾದ ಮೇಲೆ ಪೆರಂಬೂರಿಗೆ ಹೋದೆ. ಅವಳು ಮಾಡಿದ್ದು ಸರಿ ಅಂತ ಹೇಳುವುದಕ್ಕಲ್ಲ. ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೆಲಸ ಬಿಟ್ಟಿದ್ದಾಳೆ, ಯಾರ ಹತ್ತಿರವೂ ಮಾತಿಲ್ಲ ಅಂತ ಕೆಳಗಿನ ಮನೆಯವರು ಅಂದರು. ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದಿತ್ತು. ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಚಪ್ಪಲಿ ಬಿಟ್ಟೆ.

"ಒಳಕ್ ಬರ್ಲಾ, ಡಾಕ್ಟ್ರವ್ವ?"

ತಲೆ ಎತ್ತಿದಳು. ಗುರುತು ಸಿಕ್ಕಿತು, ಕಣ್ಣಲ್ಲೇ ಕಂಡಿತು. "ಬೇಡ" ಅಂದು ಮತ್ತೆ ಅಕ್ಕಿಗೆ ಬಗ್ಗಿದಳು.

ಮೆಟ್ಟಿಲ ಮೇಲೆ ಕುಳಿತೆ. ದೀಪ ಹಚ್ಚುವ ಹೊತ್ತಾಯಿತು. ನಾಳೆ ಮತ್ತೆ ಕೇಳ್ತೀನಿ ಅಂತ ನಾನು ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದೆ.