ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ತೆರೆದ ಪುಟ

ಕೆಲಸಕ್ಕೆ ಸೇರಿದ ಮೊದಲ ದಿನ ಗೋರೆಗಾಂವ್‌ನ ಆಫೀಸಿನಲ್ಲಿ ನನಗೆ ಕುರ್ಚಿ ಇರಲಿಲ್ಲ. ಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಇರಲಿಲ್ಲ. "ಜಗಹ್ ನಹೀಂ ಹೈ, ಘರ್ ಸೆ ಕರೊ" ಎಂದು ಲ್ಯಾಪ್‌ಟಾಪ್ ಕೈಗಿಟ್ಟು ಕಳಿಸಿದರು. ಜಾಗವಿಲ್ಲ, ಮನೆಯಿಂದ ಮಾಡು ಅಂತ. ಯಾವ ಮನೆ? ಚೆಂಬೂರಿನ ಬಿಲ್ಡಿಂಗೊಂದರಲ್ಲಿ ಮೂವರು ಹುಡುಗಿಯರ ನಡುವೆ ನನಗಿದ್ದದ್ದು ಒಂದು ಮಂಚ. ನಮ್ಮ ವಿಜಯಪುರದಲ್ಲಿ ಮನೆಗೆ ಬಂದ ವಿಮೆ ಏಜೆಂಟನಿಗೂ ಮೊದಲು ಕುರ್ಚಿ ಹಾಕಿ, ನೀರು ಕೊಟ್ಟು, ಆಮೇಲೆ ಏನು ಬಂದಿರಿ ಎಂದು ಕೇಳುತ್ತಾರೆ.

ಊರಿನಲ್ಲಿ ನಾನು ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಬಣ್ಣ, ಅಕ್ಷರ, ಚಿತ್ರ, ಕಣ್ಣಿಗೆ ಕಾಣುವುದಷ್ಟೆ. ಇಲ್ಲಿ ಕೊಟ್ಟದ್ದು ಸರ್ವರಿನ ಕೆಲಸ. ಖಾನಾವಳಿಯಲ್ಲಿ ಬಡಿಸುತ್ತಿದ್ದವಳನ್ನು ಅಡುಗೆಮನೆಗೆ ತಳ್ಳಿದ ಹಾಗೆ: ಹೊರಗೆ ಯಾರು ಏನು ಕೇಳಿದರು, ಯಾರಿಗೆ ಏನು ಕಳಿಸಬೇಕು, ಎಲ್ಲ ಒಳಗಿನಿಂದಲೇ ನೋಡಿಕೊಳ್ಳಬೇಕು. ಅದಕ್ಕೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯ ಎಕ್ಸ್‌ಪ್ರೆಸ್ ಎಂಬ ಫ್ರೇಮ್‌ವರ್ಕ್, ಅಂದರೆ ಒಲೆ-ಪಾತ್ರೆ ಮೊದಲೇ ಹೊಂದಿಸಿಟ್ಟ ಅಡುಗೆಮನೆ. ಕಲಿಸಿದ್ದೇನು? ತಂಡದ ಮುಖ್ಯಸ್ಥ ಪಾಟೀಲರು ಒಂದು ಲಿಂಕ್ ಕಳಿಸಿ "ಪಢ್ ಲೇನಾ" ಎಂದರು. ಓದಿಕೋ! ಶನಿವಾರದೊಳಗೆ ಒಂದು ಪುಟ ಓಡಿಸಿ ತೋರಿಸದಿದ್ದರೆ ಕೆಲಸವಿಲ್ಲ. ಊರಿನ ಗಿರಾಕಿಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸಿ ಬಂದಿದ್ದೆ, ಹಿಂದಿರುಗಿ ಮಾಡುವುದೇನು?

ಮಂಚದ ಮೇಲೆ ಕುಳಿತು ಮೂರು ದಿನ ಗುದ್ದಾಡಿದೆ. ಸೊಂಟ ಬಿದ್ದುಹೋಯಿತು. ಶುಕ್ರವಾರ ಬೆಳಿಗ್ಗೆ ಪರದೆಯ ಮೇಲೆ "ನಮಸ್ಕಾರ" ಎಂದು ಮೂಡಿತು. ಎಂಥಾ ಖುಷಿ! ಮೇಲಿದ್ದ ವಿಳಾಸವನ್ನು ಹಾಗೇ ಎತ್ತಿ ಆಫೀಸಿನ ಗ್ರೂಪಿಗೆ ಹಾಕಿದೆ.

ಆ ವಿಳಾಸದ ಅರ್ಥ "ಇದೇ ಯಂತ್ರ" ಎಂದು ನನಗೆ ಗೊತ್ತಿರಲಿಲ್ಲ. ನನ್ನಲ್ಲಿ ಒತ್ತಿದರೆ ನನ್ನ ಲ್ಯಾಪ್‌ಟಾಪಿನೊಳಗೆ ಹುಡುಕುತ್ತದೆ, ಪಾಟೀಲರು ಒತ್ತಿದರೆ ಅವರದರೊಳಗೆ. ಅಲ್ಲಿ ಏನಿರುತ್ತದೆ, ಮಣ್ಣು! "ಮೇರೆ ಯಹಾಂ ತೊ ಕುಛ್ ನಹೀಂ", ನನ್ನಲ್ಲಿ ಏನೂ ಇಲ್ಲ ಎಂದು ಬರೆದು ಪಾಟೀಲರು ನಗುವ ಮುಖ ಹಾಕಿದರು. ಹಿಂದೆಯೇ ಸಾಲಾಗಿ ನಗುವ ಮುಖಗಳು. ತಪ್ಪೇನೆಂದು ಒಬ್ಬರೂ ಹೇಳಲಿಲ್ಲ.

ಮೈಯೆಲ್ಲ ಉರಿಯಿತು. ಮುಚ್ಚಿದರೆ ಸರ್ವರ್ ಸತ್ತೇಹೋಗುತ್ತದೆಂದು ಹೆದರಿ, ತೆರೆದ ಲ್ಯಾಪ್‌ಟಾಪನ್ನು ಕೂಸಿನಂತೆ ಎದೆಗೊತ್ತಿಕೊಂಡು ಲೋಕಲ್ ರೈಲು ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ "ಬಂದ್ ಕರೊ ನಾ!" ಎಂದು ಬೈಸಿಕೊಂಡೆ. ಎರಡು ಕಡೆ ಗಾಡಿ ಬದಲಿಸಿ ಗೋರೆಗಾಂವ್ ಮುಟ್ಟಿ, ಪಾಟೀಲರ ಮೇಜಿನ ಮೇಲೆ ಅದನ್ನು ಕುಕ್ಕಿದೆ.

"ನೋಡ್ರಿ! ಐತೋ ಇಲ್ಲೋ?" ಸಿಟ್ಟಿನಲ್ಲಿ ಕನ್ನಡವೇ ಬಂದಿತ್ತು.

ಪಾಟೀಲರು ಆಚೀಚೆ ನೋಡಿ ದನಿ ತಗ್ಗಿಸಿದರು. "ಐತಿ ಬಿಡವಾ. ನಾನೂ ಬೆಳಗಾವಿಯಿಂದ ಬಂದಾಗ ಹಿಂಗ ಲಿಂಕ್ ಕಳಿಸಿದ್ದೆ. ಎಲ್ಲಾರೂ ನಕ್ಕಿದ್ರು."

"ಹಂಗಿದ್ರ ಒಂದ್ ಮಾತು ಹೇಳಬಾರದಾಗಿತ್ತೇನ್ರಿ? ನೀವೂ ನಕ್ಕ್ರಲ್ಲಾ!"

"ಇಲ್ಲಿ ಕನ್ನಡ ಮಾತಾಡಿದ್ರ ಗುಂಪು ಕಟ್ಟತಾನ ಅಂತಾರವಾ," ಎಂದು ಮತ್ತೆ ಪರದೆಯತ್ತ ತಿರುಗಿದರು.

ಕೆಲಸ ಉಳಿಯಿತು, ಕುರ್ಚಿಯೂ ಸಿಕ್ಕಿತು. ಆ ನಗುವನ್ನು ಮಾತ್ರ ನಾನು ಇವತ್ತಿಗೂ ಕ್ಷಮಿಸಿಲ್ಲ. ಊರಿನಲ್ಲೂ ನಗುತ್ತಾರೆ, ಆದರೆ ನಗುತ್ತಲೇ ಕೈಹಿಡಿದು ದಾರಿ ತೋರಿಸುತ್ತಾರೆ.

ಮೊನ್ನೆ ಕಲಬುರಗಿಯಿಂದ ಬಂದ ಹೊಸ ಹುಡುಗಿ ಗ್ರೂಪಿಗೆ ಅದೇ ವಿಳಾಸ ಕಳಿಸಿದಳು. ಮೊದಲ ನಗುವ ಮುಖ ಹಾಕಿದವಳು ನಾನು. ಹಾಕಿದ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗಿ, ಆಫೀಸಿನ ಕುರ್ಚಿಯಿಂದಲೇ ಅವಳಿಗೆ ಫೋನ್ ಮಾಡಿದೆ. ಬಾಯಿಗೆ ಹಿಂದಿಯೇ ಬಂತು. ಆ ಲಿಂಕ್ ನಿನ್ನಲ್ಲಿ ಮಾತ್ರ ತೆರೆಯುತ್ತದೆ ಎಂದು ತಿಳಿಸಿ ಹೇಳಿದೆ. ಅತ್ತ ಕಡೆ ಮೂಗು ಒರೆಸಿಕೊಂಡ ಸದ್ದು.

"ಮೇಡಂ, ಗ್ರೂಪಿನ್ಯಾಗ ಬಿರಾದಾರ ಅಂತ ನಿಮ್ಮ ಹೆಸರು ನೋಡಿ ಕೇಳಾಕತ್ತೀನ್ರಿ. ನೀವು ನಮ್ಮ ಕಡೆಯವ್ರೇನ್ರಿ?"

ಹೌದು ಎನ್ನುವ ಮೊದಲು ನಾನು ಆಚೀಚೆ ನೋಡಿದೆ.